ಕಾಯಿಲೆ ಎಂದು ಗೊತ್ತು, ಆದರೂ ಆ ಮಾತುಗಳು ಕಿವಿಯಿಂದ ಹೋಗುತ್ತಿಲ್ಲ

ಮುಂಗಾರು
ಸೋಮವಾರ, ರಾತ್ರಿ 11.40

ಮಕ್ಕಳಿಬ್ಬರೂ ಮಲಗಿದ್ದಾರೆ. ನಮ್ಮ ಯಜಮಾನರು ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಯಾರಿಗೋ ಫೋನಿನಲ್ಲಿ ಹೊಸ ಗೋದಾಮಿನ ಯೋಜನೆ ವಿವರಿಸುತ್ತಿದ್ದಾರೆ. ಆ ಕಡೆಯವರು ಯಾವಾಗಲೋ ಫೋನ್ ಇಟ್ಟಿರಬಹುದು, ಇವರು ನಿಲ್ಲಿಸಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆ ಕಡೆಯ ಒಂದು ತಾಲ್ಲೂಕು ಊರು. ಗೊಬ್ಬರ, ಬಿತ್ತನೆ ಬೀಜ, ಕ್ರಿಮಿನಾಶಕದ ಅಂಗಡಿ. ಮದುವೆಯಾಗಿ ಹದಿನಾಲ್ಕು ವರ್ಷ. ಮೂರು ವರ್ಷದ ಹಿಂದೆ ಅವರು ಮೊದಲ ಸಲ ಮಂಕಾದರು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಸಂಜೆಯವರೆಗೂ ಹಾಗೆಯೇ. ಮೊದಲು ತೋರಿಸಿದ ವೈದ್ಯರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡತೊಡಗಿದರು. ನಾವು ಹರಕೆ ತೀರಿಸಿ ಬಂದೆವು. ಆದರೆ ಆ ಹುರುಪು ಒಂದು ಹದಕ್ಕೆ ನಿಲ್ಲಲೇ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಮೂಟೆ ಜೋಡಿಸುವುದು, ಕಂಡವರಿಗೆಲ್ಲ ಉದ್ರಿ, ಒಂದೇ ವಾರದಲ್ಲಿ ಎರಡು ಹಳೆಯ ಟ್ರ್ಯಾಕ್ಟರುಗಳಿಗೆ ಮುಂಗಡ. ಆಮೇಲೆ ಬೇರೊಬ್ಬ ಮನೋವೈದ್ಯರು ನೋಡಿ ಬೈಪೋಲಾರ್, ಅಂದರೆ ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ, ಎಂದರು. ಲಿಥಿಯಂ ಮಾತ್ರೆ ಶುರುವಾಯಿತು. ಒಂದೂವರೆ ವರ್ಷ ಮನೆ ಮನೆಯ ಹಾಗಿತ್ತು.

ಯುಗಾದಿಯ ಹೊತ್ತಿಗೆ "ಜೀವನವಿಡೀ ಮಾತ್ರೆ ನುಂಗಲು ನಾನೇನು ಹುಚ್ಚನೇ" ಎಂದು ತಾವೇ ಬಿಟ್ಟರು. ನನಗೆ ಸುಳಿವು ಸಿಕ್ಕಿದ್ದು ಉದ್ರಿ ಪುಸ್ತಕದಿಂದ. ಅವರ ಅಕ್ಷರ ಇರುವೆ ಸಾಲಿನಂತೆ, ಸಣ್ಣದು, ನೇರ. ಮೇ ಕೊನೆಯ ಪುಟಗಳಲ್ಲಿ ಅದೇ ಅಕ್ಷರ ಊದಿಕೊಂಡಿದೆ. ಒಂದೊಂದು ಹೆಸರು ಎರಡು ಸಾಲು ನುಂಗಿದೆ, "ಯೂರಿಯಾ" ಎಂದು ಬರೆದದ್ದು ಪುಟದ ಅಂಚಿಗೆ ಹೋಗಿ ಮುಟ್ಟಿದೆ. ಮೊತ್ತ ಬರೆಯುವ ಜಾಗದಲ್ಲಿ ಕೆಲವು ಕಡೆ "ನೋಡೋಣ" ಎಂದಷ್ಟೇ ಇದೆ.

ದುಡ್ಡಿನ ವಿಷಯ ಬಿಡಿ. ನನಗೆ ತಡೆಯಲಾಗದಿರುವುದು ಅವರ ಬಾಯಿ. ಗಿರಾಕಿಗಳ ಎದುರೇ ನನ್ನ ತವರನ್ನು ಎತ್ತಿ ಆಡುತ್ತಾರೆ. ಗಲ್ಲಾ ಪೆಟ್ಟಿಗೆಗೆ ಕೈ ಹಾಕಿದರೆ ಕಳ್ಳಿ ಎನ್ನುತ್ತಾರೆ. ಹೋದ ವಾರ ಹನ್ನೊಂದು ವರ್ಷದ ಮಗಳನ್ನು ಕರೆದು, "ನಿಮ್ಮಮ್ಮನ ಮುಖ ನೋಡಿ ಅಂಗಡಿ ತೆರೆದ ದಿನ ಬೋಣಿಗೆ ಆಗುವುದಿಲ್ಲ, ಗೊತ್ತೇ" ಎಂದರು. ಮಾರನೆಯ ದಿನದಿಂದ ಅವಳು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದಾಳೆ, ಅಪ್ಪನ ಕಣ್ಣಿಗೆ ಮೊದಲು ತಾನು ಬೀಳಲಿ ಎಂದು. ಶನಿವಾರ ನನ್ನನ್ನು ತಳ್ಳಿದರು. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಅತ್ತೆ ಸಾಡೇಸಾತಿ ಎನ್ನುತ್ತಾರೆ.

ಇದರಲ್ಲಿ ಕಾಯಿಲೆ ಎಷ್ಟು, ಮನುಷ್ಯ ಎಷ್ಟು? ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರೆ ರೋಗಿಯನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗೆಯೇ?


ಹಳೆಯ ಮೇಷ್ಟರು
ಮಂಗಳವಾರ, ಬೆಳಿಗ್ಗೆ 6.15

ತಂಗಿ, ನಿನ್ನ ಬರಹ ಓದಿ ಸಂಕಟವಾಯಿತು. ನನ್ನ ತಮ್ಮನಿಗೂ ಹೀಗೇ ಆಗಿತ್ತು. ಅವನ ಹೆಂಡತಿ ಒಂದು ಮಾತೂ ಎದುರಾಡದೆ ಆರು ತಿಂಗಳು ಕಳೆದಳು, ಆಮೇಲೆ ಎಲ್ಲ ತಾನಾಗಿ ಸರಿಹೋಯಿತು. ಇಂಥ ಹೊತ್ತಿನಲ್ಲಿ ಮನೆಯ ಹೆಣ್ಣು ತಾಳಿಕೊಂಡರೆ ಮನೆ ಉಳಿಯುತ್ತದೆ. ಒಮ್ಮೆ ಕುಲದೇವರಿಗೂ ಕರೆದುಕೊಂಡು ಹೋಗಿ ಬನ್ನಿ. ತವರಿಗೆ ಹೋಗುವ ಯೋಚನೆ ಈಗ ಬೇಡ, ಊರಿನವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ.


ತಂಬಿಟ್ಟು
ಮಂಗಳವಾರ, ಬೆಳಿಗ್ಗೆ 7.02

ಮೇಷ್ಟರೇ, ನಿಮ್ಮ ತಮ್ಮನ ಹೆಂಡತಿಯನ್ನು ಆ ಆರು ತಿಂಗಳು ಹೇಗಿದ್ದೆ ಎಂದು ಯಾರಾದರೂ ಕೇಳಿದ್ದೀರಾ? ಅಕ್ಕ, ತಳ್ಳಿದವರು ನಾಳೆ ಹೊಡೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೊರಡಿ. ವಿಚ್ಛೇದನಕ್ಕೆ ಇಷ್ಟು ಕಾರಣ ಸಾಕು.


ಬೆಳಗಿನ ಪಾಳಿ
ಮಂಗಳವಾರ, ಮಧ್ಯಾಹ್ನ 3.30

ನಾನು ಮನೋರೋಗ ವಿಭಾಗದಲ್ಲಿ ಹದಿನೇಳು ವರ್ಷದಿಂದ ಶುಶ್ರೂಷಕಿ. ಪಾಳಿ ಮುಗಿಸಿ ಈಗ ತಾನೇ ಓದಿದೆ. ಉಳಿದದ್ದೆಲ್ಲ ಆಮೇಲೆ, ಮೊದಲು ಒಂದು ಪ್ರಶ್ನೆ. ಕ್ರಿಮಿನಾಶಕದ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ?

ಹೆದರಿಸಲು ಕೇಳುತ್ತಿಲ್ಲ. ಈ ಕಾಯಿಲೆಯಲ್ಲಿ ಏರು ಇಳಿಯುವಾಗ, ಅಥವಾ ಏರು ಇಳಿತ ಎರಡೂ ಬೆರೆತ ದಿನಗಳಲ್ಲಿ, ಮನಸ್ಸು ಸಾವಿನ ಕಡೆಗೆ ವಾಲುವುದುಂಟು. ಕೈಗೆಟುಕುವ ಜಾಗದಲ್ಲಿ ವಿಷ ಇಲ್ಲದಿದ್ದರೆ ಆ ಗಳಿಗೆ ದಾಟಿಹೋಗುವ ಸಾಧ್ಯತೆ ಹೆಚ್ಚು. ನಿಮ್ಮ ಮನೆಗೂ ಅಂಗಡಿಗೂ ಒಂದೇ ಗೋಡೆ ಇರಬೇಕು. ಬೀಗದ ಕೈ ಬೇರೆಯವರ ಹತ್ತಿರ ಇರಲಿ, ಇಂದೇ. "ನಾನಿಲ್ಲದಿದ್ದರೆ ನೀವು ಆರಾಮ" ಎಂಬಂಥ ಮಾತು ಬಂದರೆ ಅದನ್ನು ಸಿಟ್ಟಿನ ಮಾತು ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಯಾರೂ ಹಾಗೆ ಮಾಡಿಕೊಳ್ಳುವುದಿಲ್ಲ.

ಈಗ ನಿದ್ದೆಯ ವಿಷಯ. ಮನೆಯವರು ಸಿಟ್ಟು, ಖರ್ಚು ನೋಡಿ ಗುರುತು ಹಿಡಿಯುತ್ತಾರೆ, ಆದರೆ ನಿದ್ದೆ ಅದಕ್ಕಿಂತ ಮೊದಲೇ ಕಡಿಮೆಯಾಗಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕದ ಪಕ್ಕ ಎಷ್ಟು ಗಂಟೆ ಮಲಗಿದರು ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಉದ್ರಿ ಪುಸ್ತಕದ ಹಳೆಯ ಪುಟ, ಹೊಸ ಪುಟ ಎರಡರದ್ದೂ ಫೋಟೊ ತೆಗೆದುಕೊಳ್ಳಿ. ವೈದ್ಯರ ಮುಂದೆ ಹತ್ತು ನಿಮಿಷ ಇವರು ಬಹಳ ಸರಿಯಾಗಿ ಮಾತನಾಡಿಬಿಡುತ್ತಾರೆ, ನೀವೇ ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಆಗ ಆ ಎರಡು ಪುಟಗಳು ನಿಮ್ಮ ಪರವಾಗಿ ಮಾತನಾಡುತ್ತವೆ.

ಕಾಫಿಯಲ್ಲಿ ಮಾತ್ರೆ ಪುಡಿ ಮಾಡಿ ಹಾಕುವ ಸಲಹೆ ಯಾರಾದರೂ ಕೊಡುತ್ತಾರೆ, ನೋಡುತ್ತಿರಿ. ಲಿಥಿಯಂ ವಿಷಯದಲ್ಲಂತೂ ಬೇಡವೇ ಬೇಡ. ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ, ರಕ್ತ ಪರೀಕ್ಷೆ ಇಲ್ಲದೆ ಕೊಡುವಂತಿಲ್ಲ. ತಿಂಗಳುಗಟ್ಟಲೆ ಬಿಟ್ಟದ್ದನ್ನು ಮತ್ತೆ ಶುರು ಮಾಡುವುದೂ ವೈದ್ಯರ ಕೈಯಲ್ಲೇ ಆಗಬೇಕು. ಇನ್ನೊಂದು, ಕಾಫಿಯ ಗುಟ್ಟು ಒಂದು ದಿನ ಬಯಲಾದರೆ ಆಮೇಲೆ ನಿಮ್ಮ ಕೈಯಿಂದ ನೀರನ್ನೂ ಕುಡಿಯುವುದಿಲ್ಲ.

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಿಮಗೆ ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಈಗ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಇದೆ. ನಿಮ್ಮಲ್ಲಿಗೆ ಯಾವ ವಾರ ಎಂದು ಮೊದಲೇ ವಿಚಾರಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನವಿಡೀ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು. ಪರಿಸ್ಥಿತಿ ಕೈಮೀರಿದ ಗಳಿಗೆಗೆ 112.


ಎರಡನೆಯ ಬೆಳೆ
ಮಂಗಳವಾರ, ರಾತ್ರಿ 9.50

ನನಗೆ 46. ಇದೇ ಕಾಯಿಲೆ, ಹತ್ತೊಂಬತ್ತು ವರ್ಷದಿಂದ. ನಿಮ್ಮ ಪ್ರಶ್ನೆ ಓದಿ ಎರಡು ಸಲ ಬರೆದು ಅಳಿಸಿದೆ.

ಏರಿನಲ್ಲಿದ್ದಾಗ ತಲೆಯೊಳಗೆ ಮದುವೆ ಮನೆಯ ಗದ್ದಲ. ಎಲ್ಲವೂ ಹೊಳೆಯುತ್ತದೆ, ನನ್ನಷ್ಟು ಬುದ್ಧಿವಂತ ಊರಿನಲ್ಲಿ ಇಲ್ಲ. ಆಗ "ನಿದ್ದೆ ಮಾಡಿ" ಎನ್ನುವವಳೇ ದೊಡ್ಡ ಶತ್ರು, ಏಕೆಂದರೆ ಆ ಗದ್ದಲದಲ್ಲಿ ದೀಪ ಆರಿಸಲು ಬರುವವಳು ಅವಳೊಬ್ಬಳೇ. ಹಾಗಾಗಿ ಬಾಣ ಅವಳ ಮೇಲೆಯೇ. ಇಷ್ಟು ಕಾಯಿಲೆ.

ಇನ್ನು ಉಳಿದದ್ದು. ಎರಡನೆಯ ಸಲ ಹೀಗಾದಾಗ ನನ್ನ ಹೆಂಡತಿಗೆ, ಅವಳ ಹೊಟ್ಟೆಯಲ್ಲಿ ಉಳಿಯದೇ ಹೋದ ಮಗುವಿನ ಬಗ್ಗೆ ಒಂದು ಮಾತು ಆಡಿದೆ. ಇಲ್ಲಿ ಬರೆಯಲಾರೆ. ಗುಣವಾದ ಮೇಲೆ ಅವಳು ಕೇಳಿದಾಗ ನೆನಪಿಲ್ಲ ಎಂದೆ. ಅದು ಅರ್ಧ ಸುಳ್ಳು. ಕೆಲವು ದಿನಗಳು ನಿಜವಾಗಿಯೂ ಅಳಿಸಿಹೋಗಿವೆ, ಆ ದಿನ ಅಳಿಸಿಲ್ಲ. ಶುರುವಿನ ಎರಡು ವಾರ, ಪೂರ್ತಿ ಏರುವ ಮೊದಲು, ನಾನು ಬ್ಯಾಂಕಿನ ಮ್ಯಾನೇಜರ ಎದುರು ನಯವಾಗಿಯೇ ಇದ್ದೆ. ಮನೆಗೆ ಬಂದು ಕೂಗುತ್ತಿದ್ದೆ. ಎಲ್ಲಿ ಕೂಗಿದರೆ ನಡೆಯುತ್ತದೆ ಎಂಬ ಲೆಕ್ಕ ಎಲ್ಲೋ ಒಂದು ಕಡೆ ಇನ್ನೂ ಇತ್ತು. ಕೊನೆಕೊನೆಗೆ ಮ್ಯಾನೇಜರ ಮೇಲೂ ಕೂಗಿದೆ, ಆಗ ಲೆಕ್ಕ ಪೂರ್ತಿ ಹೋಗಿತ್ತು. ಆದ್ದರಿಂದ ಇಷ್ಟು ಕಾಯಿಲೆ, ಇಷ್ಟು ಮನುಷ್ಯ ಎಂದು ತಕ್ಕಡಿಯಲ್ಲಿ ತೂಗಲು ಹೋಗಬೇಡಿ ತಂಗಿ. ಗಾಯ ನಿಮಗಾಗಿದೆ. ತೂಗುವ ಕೆಲಸ ನಮ್ಮದು, ಗುಣವಾದ ಮೇಲೆ.

ಅವಳು ಆಗ ಮಾಡಿದ್ದು ಎರಡೇ. ವಾದ ನಿಲ್ಲಿಸಿದಳು. "ನೀವು ಕೂಗಿದರೆ ನಾನು ಪಕ್ಕದ ಮನೆಯಲ್ಲಿರುತ್ತೇನೆ, ಕೂಗು ನಿಂತ ಮೇಲೆ ಬರುತ್ತೇನೆ" ಎಂದು ಒಮ್ಮೆ ಹೇಳಿದಳು, ಪ್ರತಿ ಸಲ ಹಾಗೆಯೇ ಮಾಡಿದಳು. ಚಪ್ಪಲಿ ಮೆಟ್ಟಿ ಹೋಗುವ ಸದ್ದು ನನಗೆ ಅಷ್ಟು ಗದ್ದಲದಲ್ಲೂ ಕೇಳುತ್ತಿತ್ತು.


ಮುಂಗಾರು
ಬುಧವಾರ, ಬೆಳಿಗ್ಗೆ 5.20

ಬೆಳಗಿನ ಪಾಳಿಯವರೇ, ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಹದಿನಾಲ್ಕು ವರ್ಷದಲ್ಲಿ ನನಗೆ ಆ ಯೋಚನೆ ಒಮ್ಮೆಯೂ ಬಂದಿರಲಿಲ್ಲ, ಅದು ನಮಗೆ ದಿನಬೆಳಗಾದರೆ ಮಾರುವ ಸರಕು. ರಾತ್ರಿ ಮೈದುನನಿಗೆ ಹೇಳಿದೆ. ದಾಸ್ತಾನು ಲೆಕ್ಕ ಆಗಬೇಕು ಎಂಬ ನೆಪ ಹೇಳಿ ಅವನು ಹಳೆಯ ಬೀಗ ತೆಗೆದು ತನ್ನ ಬೀಗ ಹಾಕಿದ. ಇವರು ಕೂಗಾಡಿದರು, ಆಮೇಲೆ ಬೇರೆ ಯಾವುದೋ ವಿಷಯಕ್ಕೆ ಹಾರಿದರು.

ಎರಡನೆಯ ಬೆಳೆ ಅಣ್ಣ, ನಿಮ್ಮ ಅರ್ಧ ಸುಳ್ಳಿನ ಸಾಲನ್ನು ಹಿತ್ತಲಿಗೆ ಹೋಗಿ ಓದಿದೆ. ನೀವು ಆ ಮಾತನ್ನು ಅಕ್ಕನಿಗೆ ಒಪ್ಪಿಕೊಂಡಿರಾ?


ಎರಡನೆಯ ಬೆಳೆ
ಬುಧವಾರ, ಬೆಳಿಗ್ಗೆ 8.10

ಏಳು ವರ್ಷದ ಮೇಲೆ. ಅವಳು "ಗೊತ್ತಿತ್ತು" ಎಂದಳು, ಅಷ್ಟೇ.


ಕರಾವಳಿಯವ
ಬುಧವಾರ, ರಾತ್ರಿ 10.25

ನನ್ನ ಹೆಂಡತಿಗೆ ಸ್ಕಿಜೋಫ್ರೇನಿಯಾ. ನಾನು ಊಟಕ್ಕೆ ಏನೋ ಬೆರೆಸುತ್ತೇನೆ, ಬೇರೆ ಹೆಂಗಸಿದ್ದಾಳೆ ಎಂದು ಅವಳ ಅನುಮಾನ. ಬ್ಯಾಂಕಿನಿಂದ ಮನೆಗೆ ಬಂದರೆ ಶರ್ಟ್ ಮೂಸಿ ನೋಡುತ್ತಾಳೆ. ಗಂಡಸಾದ್ದರಿಂದ ಯಾರೂ ಕೇಳುವುದಿಲ್ಲ, ಕೇಳಿದವರು ನಗುತ್ತಾರೆ. ಅದಿರಲಿ.

ನಾನು ಓದಿದ ಒಂದು ವಿಷಯ ಹೇಳಬೇಕು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಿಂದ, ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಗಮನಿಸುತ್ತ ಬಂದರು. ಟೀಕೆ, ಹಗೆ, ಅತಿಯಾದ ಕಾಳಜಿ ತುಂಬಿದ ಮನೆಗಳಿಗೆ ಹೋದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸಿತು. ಇದನ್ನು ಓದಿ ತಪ್ಪೆಲ್ಲ ನನ್ನದೇ ಎಂದು ಕುಗ್ಗಿಹೋದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಆಮೇಲೆ ಉಳಿದರ್ಧ ಹೇಳಿದರು. ಅಂಥ ಬಿಸಿ ಮನೆಗಳಲ್ಲೂ ವಾರಕ್ಕೆ 35 ಗಂಟೆಗಿಂತ ಕಡಿಮೆ ಹೊತ್ತು ಎದುರುಬದುರು ಇದ್ದವರಲ್ಲಿ ಮರುಕಳಿಕೆ ಕಡಿಮೆ ಇತ್ತಂತೆ. ಅಧ್ಯಯನ ನಡೆದದ್ದು ಸ್ಕಿಜೋಫ್ರೇನಿಯಾ ಬಗ್ಗೆ, ಆದರೂ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ ಎನಿಸಿತು. ಒಂದಿಷ್ಟು ಹೊತ್ತು ದೂರ ಇರುವುದು ಕೈಬಿಡುವುದಲ್ಲ, ಇಬ್ಬರಿಗೂ ಔಷಧ.

ನಾನು ಈಗ ಗುರುವಾರ ಸಂಜೆ ಎರಡು ಗಂಟೆ ಸಮುದ್ರದ ದಂಡೆಯಲ್ಲಿ ಇರುತ್ತೇನೆ. ಆ ಹೊತ್ತಿಗೆ ಅವಳ ಅಕ್ಕ ಮನೆಗೆ ಬರುತ್ತಾರೆ. ಬಲೆ ಬಿಡಿಸುವವರನ್ನು ನೋಡುತ್ತ ಕೂರುತ್ತೇನೆ, ಮತ್ತೇನೂ ಮಾಡುವುದಿಲ್ಲ. ಮೊದಲ ಎರಡು ತಿಂಗಳು ಅಲ್ಲೂ ಗಡಿಯಾರವನ್ನೇ ನೋಡುತ್ತಿದ್ದೆ. ಈಗಲೂ ಕೆಲವು ವಾರ ತಪ್ಪಿಹೋಗುತ್ತದೆ.


ಕಡತ
ಗುರುವಾರ, ಮಧ್ಯಾಹ್ನ 1.15

ವಕೀಲ. ತಂಬಿಟ್ಟು ಅವರ ಕಾಳಜಿ ಸರಿ, ಆದರೆ ಕಾಯಿಲೆಯ ಹೆಸರಿದೆ ಎಂದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಎನ್ನುವ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಒಟ್ಟಿಗೆ ಬಾಳುವುದು ಅಸಾಧ್ಯ ಎನ್ನುವಷ್ಟು ತೀವ್ರತೆ ಇದೆಯೇ ಎಂದು ನೋಡಬೇಕು. ಈಕೆ ಕೇಳಿದ್ದೂ ಅದನ್ನಲ್ಲ.

ಈಕೆಗೆ ಈಗ ಉಪಯೋಗಕ್ಕೆ ಬರುವುದು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮಾತಿನ ಹಿಂಸೆಯೂ ಹಿಂಸೆಯೇ. ಮನೆಯಲ್ಲಿ ಇರುವ ಹಕ್ಕು ನಿಮಗಿದೆ, ನಾಲ್ಕು ದಿನ ತವರಿಗೆ ಹೋದರೆ ಅದು ಹೋಗುವುದಿಲ್ಲ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಯವರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181. ಮಣಿಕಟ್ಟಿನ ಗಾಯವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಿ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು.

ಚಿಕಿತ್ಸೆಗೆ ಒಪ್ಪದಿದ್ದರೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ತನಗೋ ಇತರರಿಗೋ ಅಪಾಯ ತರುವ ಸ್ಥಿತಿ ಇದ್ದರೆ, ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಪೊಲೀಸರಿಗೂ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಆಸ್ಪತ್ರೆಗೆ ತಲುಪಿಸುವ ಹೊಣೆ ಇದೆ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರತಿನಿಧಿ ಯಾರೆಂದು ಅವರೇ ಒಳ್ಳೆಯ ದಿನಗಳಲ್ಲಿ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಛಾಪಾ ಕಾಗದ ಬೇಕಿಲ್ಲ. ಮುಂದೆ ಗುಣವಾದಾಗ ಮಾಡಿಸಿಟ್ಟುಕೊಳ್ಳಿ.

ಟ್ರ್ಯಾಕ್ಟರ್ ಮುಂಗಡದ ಬಗ್ಗೆ ಒಂದು ಮಾತು. ಆ ಗಳಿಗೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಎಂದು ತೋರಿಸಿದರೆ ಕರಾರು ನಿಲ್ಲುವುದಿಲ್ಲ, 1872ರ ಕರಾರು ಕಾಯ್ದೆಯಲ್ಲೇ ಇದೆ. ಸಾಬೀತು ಮಾಡುವುದು ಕಷ್ಟ. ಮಾರಿದವನ ಮನೆಗೆ ಇಬ್ಬರು ಹಿರಿಯರು ಹೋಗಿ ಕೂತು ಮಾತನಾಡಿದರೆ ಕೋರ್ಟಿಗಿಂತ ಬೇಗ ಮುಗಿಯುತ್ತದೆ.


ಸುಮ್ಮನೆ ಓದುವವಳು
ಗುರುವಾರ, ರಾತ್ರಿ 11.05

ಇದುವರೆಗೆ ಎಲ್ಲೂ ಬರೆದವಳಲ್ಲ. ಆ ಬಾಗಿಲ ಹತ್ತಿರ ನಿಲ್ಲುವ ಹುಡುಗಿ ನಾನೇ ಆಗಿದ್ದೆ.

ನಮ್ಮ ಮನೆಯಲ್ಲಿ ಅಪ್ಪನಿಗೆ "ತಲೆನೋವು" ಎಂದಷ್ಟೇ ಹೇಳುತ್ತಿದ್ದರು. ನಾನು ಸದ್ದು ಮಾಡಿದ್ದಕ್ಕೇ ತಲೆನೋವು ಬರುತ್ತದೆ ಎಂದುಕೊಂಡು ಸ್ಟೀಲಿನ ಲೋಟವನ್ನು ನೆಲದ ಮೇಲೆ ಇಡುವಾಗ ಮೊದಲು ಕಿರುಬೆರಳು ಇಟ್ಟು, ಅದರ ಮೇಲೆ ಲೋಟ ಇಟ್ಟು, ಮೆಲ್ಲಗೆ ಬೆರಳು ಎಳೆದುಕೊಳ್ಳುತ್ತಿದ್ದೆ. ಈಗ 33 ವರ್ಷ. ಆಫೀಸಿನ ಮೇಜಿನ ಮೇಲೂ ಹಾಗೆಯೇ ಇಡುತ್ತೇನೆ.

ಅಕ್ಕ, ಮಗಳಿಗೆ ಕಾಯಿಲೆಯ ಹೆಸರು ಹೇಳಿ. ಅವಳಿಂದ ಬಂದದ್ದಲ್ಲ, ಅವಳು ಬೇಗ ಎದ್ದರೆ ಹೋಗುವುದೂ ಇಲ್ಲ ಎಂದು ಹೇಳಿ. ಅಪ್ಪ ಕೂಗಿದರೆ ತಮ್ಮನ ಕೈ ಹಿಡಿದು ಯಾರ ಮನೆಗೆ ಹೋಗಬೇಕು ಎಂಬುದನ್ನೂ ಹೇಳಿಕೊಡಿ. ಹನ್ನೊಂದು ವರ್ಷಕ್ಕೆ ಅಷ್ಟು ಅರ್ಥವಾಗುತ್ತದೆ.


ಹಳೆಯ ಮೇಷ್ಟರು
ಶುಕ್ರವಾರ, ಬೆಳಿಗ್ಗೆ 6.05

ನಿನ್ನೆ ತಮ್ಮನ ಹೆಂಡತಿಗೆ ಫೋನ್ ಮಾಡಿದ್ದೆ. ತಂಬಿಟ್ಟು ಅವರ ಪ್ರಶ್ನೆಯನ್ನೇ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಈಗ ಯಾಕೆ ಭಾವ" ಎಂದಳು.

ದೇವರ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ತಂಗಿ, ದೇವಸ್ಥಾನಕ್ಕೆಂದು ಹೊರಟರೆ ದಾರಿಯಲ್ಲೇ ಆಸ್ಪತ್ರೆ ಸಿಗುತ್ತದೆ. ಅವನು ಯಾರ ಮಾತು ಕೇಳುತ್ತಾನೆ? ಹೆಂಡತಿ, ತಾಯಿ ಹೇಳಿದರೆ ಕೇಳದವನು ಇನ್ನೊಬ್ಬನ ಮಾತು ಕೇಳಿಯೇ ಕೇಳುತ್ತಾನೆ. ಗೆಳೆಯನೋ ಮಠದವರೋ, ಹುಡುಕಿ. "ನಿನಗೆ ಕಾಯಿಲೆ" ಎನ್ನಬೇಡಿ. "ನಿದ್ದೆ ಇಲ್ಲ, ಅದೊಂದನ್ನು ತೋರಿಸಿಕೊಂಡು ಬರೋಣ" ಎನ್ನಿ. ನನ್ನ ತಮ್ಮ ಕೊನೆಗೆ ಎದ್ದದ್ದು ಹಾಗೆಯೇ. ತಾನಾಗಿ ಸರಿಹೋಯಿತು ಎಂದು ಮೊದಲು ಬರೆದದ್ದು ನಿಜವಲ್ಲ.


ಮುಂಗಾರು
ಹನ್ನೆರಡು ದಿನಗಳ ನಂತರ, ರಾತ್ರಿ 9.30

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ.

ಮೇಷ್ಟರು ಹೇಳಿದ ಆ ಇನ್ನೊಬ್ಬ ಸಿಕ್ಕ. ಬೀಜದ ಕಂಪನಿಯ ಹಳೆಯ ಏಜೆಂಟ್, ಇವರು ಅಣ್ಣ ಎನ್ನುತ್ತಾರೆ. "ನನಗೂ ನಿದ್ದೆ ಬರುತ್ತಿಲ್ಲ, ಇಬ್ಬರೂ ತೋರಿಸಿಕೊಂಡು ಬರೋಣ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅಣ್ಣ ತಾವೂ ಚೀಟಿ ಮಾಡಿಸಿ ಸಾಲಿನಲ್ಲಿ ಕೂತರು. ವೈದ್ಯರು ಉದ್ರಿ ಪುಸ್ತಕದ ಎರಡೂ ಫೋಟೊ ದೊಡ್ಡದು ಮಾಡಿ ನೋಡಿದರು. ದಾಖಲು ಮಾಡಿಕೊಂಡರು. ಒಪ್ಪಿಕೊಂಡೇ ದಾಖಲಾದರು ಎನ್ನಲಾರೆ, ಬೈಯುತ್ತ ಸಹಿ ಹಾಕಿದರು. ಹತ್ತು ದಿನ ಮೈದುನ ಜೊತೆಗಿದ್ದ. ನಾನು ನಾಲ್ಕು ದಿನ ತವರಿನಲ್ಲಿದ್ದೆ. ಮೊದಲ ದಿನ ಮಧ್ಯಾಹ್ನ ಮಲಗಿದವಳು ಮಾರನೆಯ ಬೆಳಿಗ್ಗೆ ಎದ್ದೆ. ನನ್ನ ನಿದ್ದೆಯನ್ನು ಯಾರೂ ಕ್ಯಾಲೆಂಡರಿನಲ್ಲಿ ಬರೆದಿರಲಿಲ್ಲವಲ್ಲ.

ಮಗಳಿಗೆ ಹೇಳಿದೆ. "ಹಾಗಾದರೆ ಬೋಣಿಗೆ?" ಎಂದು ಕೇಳಿದಳು. ನಾನೇ ಅಂಗಡಿ ತೆರೆದು ತೋರಿಸಿದೆ. ಮೊದಲ ಗಿರಾಕಿ ಹಳೆಯ ಉದ್ರಿ ಕೊಡಲು ಬಂದಿದ್ದ, ಪಾಪ, ಅವನಿಗೆ ಚಹಾ ತರಿಸಿದಳು.

ನಿನ್ನೆ ಮನೆಗೆ ಬಂದಿದ್ದಾರೆ. ಮೆತ್ತಗಾಗಿದ್ದಾರೆ, ಕೈ ಸ್ವಲ್ಪ ನಡುಗುತ್ತದೆ. ಯಾವ ಮಾತಿಗೂ ಕ್ಷಮೆ ಕೇಳಿಲ್ಲ, ನಾನೂ ಎತ್ತಿಲ್ಲ. ಒಂದೇ ಕೋಣೆಯಲ್ಲಿ ಮಲಗಲು ನನಗೆ ಇನ್ನೂ ಆಗುತ್ತಿಲ್ಲ, ಮಕ್ಕಳ ಜೊತೆ ಮಲಗಿದೆ. ರಾತ್ರಿ ಆರೂವರೆ ಗಂಟೆ ನಿದ್ದೆ ಮಾಡಿದರು. ಸೋಮವಾರ ರಕ್ತ ಪರೀಕ್ಷೆಗೆ ಬರಹೇಳಿದ್ದಾರೆ. ತಿಂಡಿ ತಿನ್ನದೆ ಹೋಗಬೇಕೇ? ಕೇಳುವುದು ಮರೆತೆ.


ಬೆಳಗಿನ ಪಾಳಿ
ಹನ್ನೆರಡು ದಿನಗಳ ನಂತರ, ರಾತ್ರಿ 10.12

ಲಿಥಿಯಂ ಮಟ್ಟಕ್ಕೆ ಉಪವಾಸ ಬೇಕಿಲ್ಲ. ಹಿಂದಿನ ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು, ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಲಿ. ರಾತ್ರಿ ಎಷ್ಟು ಗಂಟೆಗೆ ನುಂಗಿದರು ಎಂದು ಬರೆದಿಟ್ಟುಕೊಳ್ಳಿ. ಕೈ ನಡುಕವನ್ನು ಅಲ್ಲೇ ಹೇಳಿ. ಅದು ಜೋರಾದರೆ, ವಾಂತಿ ಭೇದಿ ಆದರೆ, ನಡಿಗೆ ತಟ್ಟಾಡಿದರೆ ಸೋಮವಾರದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೇನ್ ತಂದು ಕೊಡಬೇಡಿ, ರಕ್ತದಲ್ಲಿ ಲಿಥಿಯಂ ಏರುತ್ತದೆ. ನೀರು ಚೆನ್ನಾಗಿ ಕುಡಿಯಲಿ, ಊಟದಲ್ಲಿ ಉಪ್ಪು ದಿನದ ಹಾಗೆಯೇ ಇರಲಿ. ಬೀಗದ ಕೈ ಮೈದುನನ ಹತ್ತಿರವೇ ಇರಲಿ.